ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕು

ಹುಬ್ಬಳ್ಳಿಗೆ ಬರುವಾಗ ಸೀಟ್ ಬೆಲ್ಟ್ ಹಾಕಿಲ್ಲವೆಂದು ದಂಡ ತೆತ್ತ ರಾಣೆಬೆನ್ನೂರಿನ ಓದುಗರೊಬ್ಬರು ನೊಂದು ಬರೆದಿದ್ದಾರೆ: “ಜೀವ ನನ್ನದು, ಕಾರು ನನ್ನದು. ಗುಂಡಿ ಮುಚ್ಚಲಾಗದ ಸರ್ಕಾರಕ್ಕೆ ನನ್ನ ಎದೆಗೆ ಪಟ್ಟಿ ಬಿಗಿಯುವ ಅಧಿಕಾರವೆಲ್ಲಿಯದು?”

ಮಾನ್ಯರೇ, ಗುಂಡಿಯ ಮಾತು ನಿಜ. ರಸ್ತೆಯ ಅಪಾಯ ಗುಂಡಿಯೊಂದೇ ಅಲ್ಲ. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಜನ ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ರಸ್ತೆ ಸರಿಯಿರಲಿ ಎಂದು ಸರ್ಕಾರವನ್ನು ಕೇಳೋಣ. ಆದರೆ ಅದು ಸರಿಯಾಗುವವರೆಗೆ ಬೆಲ್ಟ್ ಇನ್ನಷ್ಟು ಬೇಕಲ್ಲವೇ?

ನನ್ನ ಸೋದರಮಾವ ಲಕ್ಷ್ಮೇಶ್ವರದಲ್ಲಿ ಮದುವೆ ಮುಗಿಸಿಕೊಂಡು ಗದಗಕ್ಕೆ ಮರಳುತ್ತಿದ್ದರು. “ಹಿಂದ ಕುಂತಾವ್ರಿಗೆ ಅದ್ಯಾಕ ಬೇಕೋ ತಮ್ಮಾ” ಎಂದು ಬೆಲ್ಟನ್ನು ಬದಿಗೆ ಸರಿಸಿದ್ದರು. ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಕಾರು ಬೇವಿನ ಮರಕ್ಕೆ ಬಡಿಯಿತು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ತಟ್ಟನೆ ನಿಂತಾಗ ಒಳಗಿನ ಮೈಗೆ ಬೀಳುವ ಪೆಟ್ಟು ಸುಮಾರು 14 ಮೀಟರ್ ಎತ್ತರದಿಂದ ಬಿದ್ದಷ್ಟು. ಬೆಲ್ಟ್ ಹಾಕಿಕೊಂಡು ಕಾರು ನಡೆಸುತ್ತಿದ್ದ ಮಗನ ಬೆನ್ನು ಮುರಿದದ್ದು ಮರದಿಂದಲ್ಲ, ಹಿಂದಿನಿಂದ ಬಂದು ಅಪ್ಪಳಿಸಿದ ತಂದೆಯ ಭಾರದಿಂದ. ಮಾವ ಉಳಿದರು, ಮಗ ಮತ್ತೆ ಹೊಲಕ್ಕೆ ಇಳಿಯಲಿಲ್ಲ. “ಜೀವ ನನ್ನದು” ಎಂಬ ಮಾತನ್ನು ಆ ಮನೆಯಲ್ಲಿ ಕುಳಿತು ಆಡಲು ನಿಮಗೆ ಮನಸ್ಸಾದೀತೇ?

1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಎದೆ ಮತ್ತು ಸೊಂಟವನ್ನು ಒಟ್ಟಿಗೆ ಹಿಡಿಯುವ ಇಂದಿನ ಬೆಲ್ಟನ್ನು ರೂಪಿಸಿದಾಗ, ಕಂಪನಿಯು ಅದನ್ನು ಎಲ್ಲ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. ಆದರೂ ಎಷ್ಟೋ ಜನ ಹಾಕಿಕೊಳ್ಳಲಿಲ್ಲ. ಕೊನೆಗೆ 1970ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಅದನ್ನು ಕಡ್ಡಾಯ ಮಾಡಬೇಕಾಯಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು 1,000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ, ನಿಯಮವು ಹಿಂದಿನ ಸೀಟಿಗೂ ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ತೀರಿಕೊಂಡಾಗಲೇ ಬಹಳ ಜನರಿಗೆ ಅದು ತಿಳಿದದ್ದು.

ನನ್ನನ್ನು ಹೆಚ್ಚು ನೋಯಿಸುವುದು ನಮ್ಮ ಜಾಣತನ. ಕಾರಿನ ಎಚ್ಚರಿಕೆಯ ಸದ್ದನ್ನು ಅಡಗಿಸಲು ಬೆಲ್ಟಿನ ಬದಲು ಕೊಂಡಿಗೆ ಬರಿಯ ಕ್ಲಿಪ್ ಸಿಕ್ಕಿಸಿಕೊಳ್ಳುತ್ತೇವೆ. ಅವುಗಳ ಆನ್‌ಲೈನ್ ಮಾರಾಟ ನಿಲ್ಲಿಸಲು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶಿಸಬೇಕಾಯಿತು. ಚಕ್ಕಡಿ ಹೂಡುವ ಮೊದಲು ಕಡೆಗೀಲು ಮುಟ್ಟಿ ನೋಡುತ್ತಿದ್ದ ಹಿರಿಯರ ಮಕ್ಕಳು ನಾವು. ಈಗ ಅಪಘಾತವಾದರೆ ಶ್ರದ್ಧಾಂಜಲಿಯಲ್ಲಿ “ವಿಧಿಯಾಟ” ಎಂದು ಅಚ್ಚು ಹಾಕಿಸುತ್ತೇವೆ, ನಮ್ಮಂಥ ಪತ್ರಿಕೆಯವರೂ ಅದನ್ನೇ ಬರೆಯುತ್ತೇವೆ.

ನಿಮ್ಮ ಕಾರಿನಲ್ಲಿಯೂ ಹಿಂದಿನ ಬೆಲ್ಟಿನ ಕೊಂಡಿಗಳು ಸೀಟ್ ಕವರಿನ ಕೆಳಗೆ ಹೂತಿರಬಹುದು. ಇಂದು ಸಂಜೆಯೇ ಅವನ್ನು ಹೊರತೆಗೆದು ನನಗೊಂದು ಪತ್ರ ಬರೆಯಿರಿ.

- ಸಂಪಾದಕ