ಹೊಸ ಷೇರು ಬಂದರೆ ನನ್ನ ಪಾಲು ಏನಾಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಚಿತ್ತಾಪುರ ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕಿ. ಒಂದು ಕಂಪನಿಯ 200 ಷೇರು ನನ್ನ ಹತ್ತಿರ ಇವೆ. ದೊಡ್ಡ ಸಂಸ್ಥೆಗಳಿಗೆ ಹೊಸ ಷೇರು ಮಾರುತ್ತೇವೆ ಎಂದು ಕಂಪನಿ ಹೇಳಿದ ದಿನ ಬೆಲೆ ಕುಸಿಯಿತು. ಹದಿನೈದು ದಿನಕ್ಕೆ ಮೊದಲಿಗಿಂತ ಮೇಲೇರಿತು. ಮಗ ‘ಡೈಲ್ಯೂಷನ್ ಆಗ್ತದ, ನಿನ್ನ ಪಾಲು ತೆಳು ಆಗ್ತದ, ಮಾರಿಬಿಡು’ ಅಂತಾನೆ. ಯಜಮಾನರು ‘ಕೊಳ್ಳೋರು ಇದ್ದಾರ, ಇಟ್ಕೋ’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಅಕ್ಕೋರೆ, ಇಬ್ಬರ ಮಾತೂ ಖರೇನೇ ಅದ, ಅರ್ಧರ್ಧ. ಹೊಸ ಷೇರು ಯಾವ ಬೆಲೆಗೆ ಹೋಯಿತು ಅಂತ ಇಬ್ಬರೂ ಕೇಳಿಲ್ಲ.

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ತಂದೆಯವರ ಅಡತಿ ಅಂಗಡಿ ಇತ್ತು. ಸಂಕ್ರಾಂತಿ ಹೊತ್ತಿಗೆ ತೊಗರಿ ಆವಕ ಏರಿದರೆ ದರ ಇಳಿಯುತ್ತಿತ್ತು. ದಾಲ್ ಮಿಲ್‌ನವರು ಪೈಪೋಟಿಗೆ ಬಿದ್ದ ದಿನ ಮಾತ್ರ ಚೀಲ ಎಷ್ಟೇ ಬಂದಿದ್ದರೂ ದರ ಏರುತ್ತಿತ್ತು. ಷೇರಿಗೂ ಅಷ್ಟರಮಟ್ಟಿಗೆ ಅದೇ ಲೆಕ್ಕ. ಆದರೆ ಗಂಜ್‌ಗೆ ಇನ್ನೊಂದು ಚೀಲ ಬಂದರೆ ನಿಮ್ಮ ಚೀಲದ ಕಾಳು ಕಮ್ಮಿಯಾಗುವುದಿಲ್ಲ. ಹೊಸ ಷೇರು ಬಂದರೆ ಕಂಪನಿಯಲ್ಲಿ ನಿಮ್ಮ ಪಾಲು ಕಮ್ಮಿಯಾಗುತ್ತದೆ.

ಒಂದು ಕಂಪನಿಗೆ 10 ಕೋಟಿ ಷೇರು, ವರ್ಷಕ್ಕೆ 100 ಕೋಟಿ ಲಾಭ ಅನ್ನೋಣ. ಷೇರಿಗೆ 10 ರೂಪಾಯಿ ಬಂತು. 2 ಕೋಟಿ ಹೊಸ ಷೇರು ಸೇರಿದರೆ ಅದೇ ಲಾಭದಲ್ಲಿ ಷೇರಿಗೆ 8.33 ರೂಪಾಯಿ. ಮಗ ಹೇಳುವುದು ಇದನ್ನೇ. ಮತ್ತೆ 10ಕ್ಕೆ ಬರಬೇಕಾದರೆ ಷೇರು ಮಾರಿ ಬಂದ ಹಣ ವರ್ಷಕ್ಕೆ 20 ಕೋಟಿ ದುಡಿಯಬೇಕು. 100 ರೂಪಾಯಿಗೊಂದರಂತೆ ಮಾರಿದ್ದರೆ ಕೈಗೆ ಬಂದದ್ದು 200 ಕೋಟಿ, ಅದು ಶೇ. 10 ದುಡಿಯಬೇಕು. 300ಕ್ಕೆ ಮಾರಿದ್ದರೆ 600 ಕೋಟಿ, ಶೇ. 3.33 ದುಡಿದರೆ ಸಾಕು. ಕೊಳ್ಳುವವರ ಪೈಪೋಟಿ ಹಳೆಯ ಷೇರುದಾರರನ್ನು ಕಾಯುವುದು ಇಲ್ಲಿ.

ಪೈಪೋಟಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಯೆಸ್ ಬ್ಯಾಂಕ್ ನೋಡಿ. 2018ರ ಆಗಸ್ಟ್‌ನಲ್ಲಿ ಅದರ ಷೇರು 400 ರೂಪಾಯಿ ಆಸುಪಾಸಿನಲ್ಲಿತ್ತು. ಕೊಟ್ಟ ಸಾಲ ಮುಳುಗಿ, 2020ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕ್ ಮತ್ತು ಇತರ ಬ್ಯಾಂಕುಗಳು 10 ರೂಪಾಯಿಗೊಂದರಂತೆ ಹೊಸ ಷೇರು ಕೊಂಡವು. ಜುಲೈನಲ್ಲಿ 12 ರೂಪಾಯಿಗೆ ಮಾರಿ 15,000 ಕೋಟಿ ಎತ್ತಬೇಕಾಯಿತು. ಅದೊಂದಕ್ಕೇ 1,250 ಕೋಟಿ ಷೇರು! 400ರ ಬೆಲೆ ಇದ್ದಿದ್ದರೆ 37.5 ಕೋಟಿ ಷೇರಿನಲ್ಲೇ ಮುಗಿಯುತ್ತಿತ್ತು. ಒಟ್ಟು ಷೇರು ಸುಮಾರು 255 ಕೋಟಿಯಿಂದ 2,500 ಕೋಟಿಗೆ ಏರಿತು. ಹಳಬರ ಪಾಲು ಹತ್ತರಲ್ಲಿ ಒಂದಾಯಿತು.

ನಿಮ್ಮ ಕಂಪನಿ ಮಾಡಿದ್ದು ಕ್ಯುಐಪಿ, ಅಂದರೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ಹೊಸ ಷೇರು ಮಾರುವುದು. ಅದರಲ್ಲಿ ಹಿಂದಿನ ಎರಡು ವಾರದ ಸರಾಸರಿ ಬೆಲೆಗಿಂತ ಕೆಳಗೆ ಮಾರುವಂತಿಲ್ಲ. ಷೇರುದಾರರು ಒಪ್ಪಿದ್ದರೆ ಶೇ. 5ರವರೆಗೆ ರಿಯಾಯಿತಿ ಕೊಡಬಹುದು, ಅಷ್ಟೇ. ಮಾರಿದ ಬೆಲೆ, ಹಣದ ಉದ್ದೇಶ ಎರಡೂ ಷೇರುಪೇಟೆಗೆ ಕಂಪನಿ ಕೊಟ್ಟ ಪ್ರಕಟಣೆಯಲ್ಲಿ ಇರುತ್ತವೆ, ತೆಗೆದು ನೋಡ್ರಿ. ಹೊಸ ಘಟಕಕ್ಕೋ ದುಬಾರಿ ಸಾಲ ತೀರಿಸಲಿಕ್ಕೋ ಆಗಿದ್ದರೆ ನಾನಂತೂ ಮಾರುವುದಿಲ್ಲ. ನಷ್ಟ ತುಂಬಲು ಪದೇ ಪದೇ ಷೇರು ಮಾರುವ ಕಂಪನಿಯಾಗಿದ್ದರೆ ಮಗನ ಮಾತು ಕೇಳಿ.

ಇನ್ನೊಂದು ಮಾತು ಹೇಳಲೇಬೇಕು. ಮುಂದೆಂದಾದರೂ ರೈಟ್ಸ್ ಇಶ್ಯೂ ಬಂದರೆ, ಅಂದರೆ ಹೊಸ ಷೇರು ಕೊಳ್ಳುವ ಹಕ್ಕನ್ನು ಕಂಪನಿ ಹಳೆಯ ಷೇರುದಾರರಿಗೇ ಕೊಟ್ಟರೆ, ಸುಮ್ಮನೆ ಕೂಡಬೇಡಿ. ಮಗಳ ಮದುವೆಯ ಗಡಿಬಿಡಿಯಲ್ಲಿ ನಾನು ಒಂದು ಕಂಪನಿಯ ರೈಟ್ಸ್‌ಗೆ ಅರ್ಜಿ ಹಾಕಲಿಲ್ಲ, ಡಿಮ್ಯಾಟ್‌ಗೆ ಬಂದಿದ್ದ ಹಕ್ಕನ್ನು ಮಾರಲೂ ಇಲ್ಲ. ಗಡುವು ದಾಟಿತು, ಹಕ್ಕು ರದ್ದಾಯಿತು. ಪಾಲೂ ತೆಳುವಾಯಿತು, ಬರಬೇಕಿದ್ದ ಹಣವೂ ಹೋಯಿತು. ಷೇರು ಕೊಳ್ಳಲು ಹಣ ಇಲ್ಲದಿದ್ದರೆ ಹಕ್ಕನ್ನಾದರೂ ಪೇಟೆಯಲ್ಲಿ ಮಾರಿ. ಅದನ್ನು ಮಾರುವ ಗಡುವು ಅರ್ಜಿಯ ಗಡುವಿಗಿಂತ ಕೆಲವು ದಿನ ಮೊದಲೇ ಮುಗಿಯುತ್ತದೆ.