ಥಾರ್ ಮರುಭೂಮಿಗೆ ಹೊರಡುವ ಮುನ್ನ ಗದಗಿನಲ್ಲೇ ಕಲ್ಲು ನೋಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿಸೆಂಬರಿನಲ್ಲಿ ಜೈಸಲ್ಮೇರ್ ಕಡೆಗೆ ಮಾರ್ಗದರ್ಶಕರ ಜೊತೆ ನಾಲ್ಕು ದಿನದ ಭೂವಿಜ್ಞಾನ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೇನೆ. ನಾನು ಓದಿದ್ದು ವಾಣಿಜ್ಯ. ಕಲ್ಲು ಗುರುತಿಸುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಬಹುದೇ?
– ಓದುಗರು, ಗದಗ

ಉತ್ತರ: ಧಾರಾಳವಾಗಿ. ಮೊದಲು ಕಲಿಯಬೇಕಾದದ್ದು ಕಲ್ಲಿನ ಹೊರಮೈಯನ್ನು ನಂಬದಿರುವುದು. ಮರುಭೂಮಿಯಲ್ಲಿ ಸಾವಿರಾರು ವರ್ಷ ಬಿಸಿಲಿಗೆ ಬಿದ್ದ ಕಲ್ಲಿಗೆ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್ ಮತ್ತು ಜೇಡಿಯ ಕಪ್ಪು ಮೆರುಗು ಹತ್ತುತ್ತದೆ. ಒಂದು ಮಿಲಿಮೀಟರಿಗಿಂತ ಎಷ್ಟೋ ತೆಳುವಾದ ಈ ಪೊರೆ ಮರಳುಗಲ್ಲನ್ನೂ ಕಪ್ಪು ಲಾವಾ ಶಿಲೆಯಾದ ಬೆಸಾಲ್ಟಿನಂತೆ ತೋರಿಸಬಲ್ಲದು. ಹೆಸರು ಹೇಳುವ ಮೊದಲು ಹೊಸದಾಗಿ ಒಡೆದ ಮುಖ ಹುಡುಕಿ.

10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಕೊಳ್ಳಿ. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಕಲ್ಲನ್ನೇ ಅದರತ್ತ ತನ್ನಿ, ಸುಮಾರು 2.5 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ. ಪಂಚಾಂಗ ಓದುವ ಅಜ್ಜನ ಹಾಗೆ ಕೈ ಚಾಚಿ ಹಿಡಿದರೆ ಏನೂ ಕಾಣದು.

ಜೈಸಲ್ಮೇರಿನ ಹಳದಿ ಕಲ್ಲನ್ನು ಬಹಳ ಮಂದಿ ಮರಳುಗಲ್ಲು ಎಂದುಬಿಡುತ್ತಾರೆ. ಜೈಸಲ್ಮೇರ್ ಕಲ್ಲು ಎಂಬ ಹೆಸರಿನಲ್ಲಿ ಮಾರಾಟವಾಗುವುದು ಬಹುಪಾಲು ಸುಣ್ಣಕಲ್ಲು. ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಬುರುಬುರು ನೊರೆ ಬರುತ್ತದೆ. ಅಷ್ಟಕ್ಕೇ ತೀರ್ಪು ಕೊಡಬೇಡಿ. ಮರಳಿನ ಕಣಗಳನ್ನು ಸುಣ್ಣವೇ ಗಾರೆಯಂತೆ ಹಿಡಿದಿದ್ದರೂ ನೊರೆ ಬರುತ್ತದೆ. ನೊರೆ ಅಡಗಿದ ಮೇಲೆ ಲೆನ್ಸಿನಲ್ಲಿ ನೋಡಿ. ಕಣಗಳು ಹಾಗೇ ಉಳಿದಿದ್ದು, ಚಾಕುವಿನಿಂದ ಗೀರಿದರೂ ಜಗ್ಗದಿದ್ದರೆ ಅವು ಬೆಣಚು, 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಕಾಠಿಣ್ಯ 7. ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್ ಬರೀ 3. ಚಾಕು ಸಲೀಸಾಗಿ ಗೀರುತ್ತದೆ. ಮೆಗ್ನೀಸಿಯಂ ಬೆರೆತ ಸುಣ್ಣದ ಖನಿಜ ಡಾಲಮೈಟ್ ಆದರೆ ಪುಡಿ ಮಾಡಿದಾಗ ಮಾತ್ರ ಸಣ್ಣಗೆ ನೊರೆಯಾಡುತ್ತದೆ.

ಇನ್ನೊಂದು ಮೋಸ: ಒಣನಾಡಿನಲ್ಲಿ ನೀರು ಆವಿಯಾಗುವಾಗ ಯಾವ ಕಲ್ಲಿನ ಮೇಲಾದರೂ ಸುಣ್ಣದ ಪೊರೆ ಕಟ್ಟಬಹುದು. ಅದರ ಮೇಲೆ ಹನಿ ಬಿಟ್ಟು ಗ್ರಾನೈಟನ್ನೂ ಸುಣ್ಣಕಲ್ಲು ಎಂದವರಿದ್ದಾರೆ. ನಿಮ್ಮೂರ ಎರೆಹೊಲದ ಸುಣ್ಣದ ಹರಳು ಇದರ ಹತ್ತಿರದ ಸಂಬಂಧಿ. ಬದುವಿನಿಂದ ಒಂದು ಹರಳು, ಕಟ್ಟಡದ ಜಲ್ಲಿ ರಾಶಿಯಿಂದ ಒಂದು ಗ್ರಾನೈಟ್ ತುಂಡು ತಂದು ಎರಡಕ್ಕೂ ಹನಿ ಬಿಟ್ಟು ಹೋಲಿಸಿ. ಮನೆಯಲ್ಲಿ ನಿಂಬೆರಸವಾದರೂ ಸಾಕು, ಹರಳನ್ನು ಮೊದಲು ಕೆರೆದು ಪುಡಿ ಮಾಡಿಕೊಳ್ಳಿ. ಆಮ್ಲವನ್ನು ರೈಲು, ವಿಮಾನದಲ್ಲಿ ಒಯ್ಯುವಂತಿಲ್ಲ. ಮಾರ್ಗದರ್ಶಕರು ಅಲ್ಲೇ ಒದಗಿಸಲಿ.

ಪದರು ನೋಡಲು ಮುಂಜಾನೆಯೇ ಸರಿ. ಓರೆ ಬಿಸಿಲಿನಲ್ಲಿ ಸಣ್ಣ ಗೆರೆಯೂ ನೆರಳು ಬಿಡುತ್ತದೆ, ಮಧ್ಯಾಹ್ನ ಎಲ್ಲ ಚಪ್ಪಟೆ.

ಪ್ರಶ್ನೆ: ಕಪ್ಪತಗುಡ್ಡದ ಚಾರಣದಲ್ಲಿ ಒಂದೇ ಬಂಡೆಯ ಪದರಿನ ದಿಕ್ಕನ್ನು ಮೂವರು ಅಳೆದೆವು, ಮೂರು ಉತ್ತರ ಬಂದವು. ದಿಕ್ಸೂಚಿ ಕೆಟ್ಟಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕೆಟ್ಟಿರಲಿಕ್ಕಿಲ್ಲ, ಬಂಡೆಯೇ ಮುಳ್ಳನ್ನು ಎಳೆದಿರಬೇಕು. ಅಲ್ಲಿನ ಪಟ್ಟೆಪಟ್ಟೆ ಕಬ್ಬಿಣದ ಶಿಲೆಯಲ್ಲಿ ಬೆಣಚಿನ ಪದರುಗಳ ನಡುವೆ ಆಯಸ್ಕಾಂತ ಗುಣದ ಕಬ್ಬಿಣದ ಅದಿರು ಮ್ಯಾಗ್ನೆಟೈಟ್ ಇರುತ್ತದೆ. ದಿಕ್ಸೂಚಿಯನ್ನು ಬಂಡೆಯ ಮೇಲಿಟ್ಟು ಓದಿ, ಆಮೇಲೆ ಎದೆಮಟ್ಟಕ್ಕೆ ಎತ್ತಿ ಓದಿ. ಅಂಕಿ ಬದಲಾದರೆ ಎರಡನ್ನೂ ಬಿಡಿ. ಪದರಿನ ಗೆರೆಯ ಎರಡು ತುದಿಯಲ್ಲಿ ಇಬ್ಬರು ನಿಂತು ಒಬ್ಬರನ್ನೊಬ್ಬರು ಗುರಿಯಿಟ್ಟು ಓದಬೇಕು. ಎರಡು ಓದುಗಳ ಅಂತರ 180 ಡಿಗ್ರಿ ಬಂದರೆ ಸರಿ. ಬಾರದಿದ್ದರೆ ಆ ಎರಡು ತುದಿಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆಯ ಮೇಲೆ ಗೆರೆ ಎಳೆಯಿರಿ. ಕೈಯಲ್ಲಿನ ಸುತ್ತಿಗೆ, ಆಯಸ್ಕಾಂತದ ಮೊಬೈಲ್ ಕವರ್ ಇವೂ ಮುಳ್ಳನ್ನು ತಿರುಗಿಸುತ್ತವೆ, ಅವನ್ನು ದೂರವಿಡಿ.

ಇಳಿಜಾರಿನ ದಿಕ್ಕಿಗೆ ಉಪಕರಣವೇ ಬೇಡ. ಪದರಿನ ಮೈಮೇಲೆ ಬಾಟಲಿಯಿಂದ ಸ್ವಲ್ಪ ನೀರು ಬಿಟ್ಟರೆ ಅದು ಹರಿದ ಕಡೆಯೇ ಇಳಿಜಾರು, ಅದಕ್ಕೆ ಅಡ್ಡಲಾಗಿ 90 ಡಿಗ್ರಿಯಲ್ಲಿ ಪದರಿನ ದಿಕ್ಕು.

ಪ್ರಶ್ನೆ: ಜೈಸಲ್ಮೇರ್ ಬಳಿಯ ಆಕಲ್‌ನ ಕಲ್ಲಾದ ಮರದ ಸಣ್ಣ ಚೂರು ತರಬಹುದೇ?
– ಓದುಗರು, ಹಾವೇರಿ

ಉತ್ತರ: ಬೇಡ. ಸುಮಾರು 18 ಕೋಟಿ ವರ್ಷ ಹಳೆಯ ಆ ದಿಮ್ಮಿಗಳಿರುವ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 2019ರಿಂದ ವನ್ಯಜೀವಿಧಾಮವಾಗಿರುವ ಕಪ್ಪತಗುಡ್ಡದಿಂದಲೂ ಕಲ್ಲು ತರಬೇಡಿ. ಅಳತೆಗೆ ಪಕ್ಕದಲ್ಲಿ ಪೆನ್ನು ಅಥವಾ ನಾಣ್ಯವಿಟ್ಟು ಫೋಟೊ ತೆಗೆಯಿರಿ. ಕೈಯಲ್ಲಿ ಹಿಡಿಯಲು ಕಲ್ಲು ಬೇಕೇ ಬೇಕೆಂದರೆ, ಜೈಸಲ್ಮೇರಿನಲ್ಲಿ ಕಲ್ಲು ಕೊಯ್ಯುವವರ ಬಳಿ ಉಳಿದ ಹಳದಿ ತುಂಡು ಕೇಳಿ ಪಡೆಯಿರಿ.