ಚನ್ನಪಟ್ಟಣದ ಗಂಟೆ, ಮರಕ್ಕೆ ತೋರಣ

ಪ್ರಶ್ನೆ: ಈ ಸಲ ಕ್ರಿಸ್‌ಮಸ್ ಮರಕ್ಕೆ ಪ್ಲಾಸ್ಟಿಕ್ ಗುಂಡು ಬೇಡ ಅಂದುಕೊಂಡಿದ್ದೇವೆ. ‘ಫೇರ್ ಟ್ರೇಡ್’ (ಮಾಡಿದವರಿಗೆ ನ್ಯಾಯದ ಬೆಲೆ ಕೊಡುವ ವ್ಯಾಪಾರ) ಅಂತ ಬರೆದಿರುವ ಕೈಕೆಲಸದ ಸಾಮಾನಿಗೆ ಬೆಲೆ ಜಾಸ್ತಿ. ಸುಮ್ನೆ ಹೆಸರಿಗಾ?
– ಓದುಗರು, ಮಂಗಳೂರು

ಉತ್ತರ: ಎಲ್ಲವೂ ಹೆಸರಿಗಲ್ಲ. ವಿಶ್ವ ಫೇರ್ ಟ್ರೇಡ್ ಸಂಸ್ಥೆಯ ನಿಯಮದ ಪ್ರಕಾರ, ಕರಕುಶಲ ವಸ್ತು ಕೊಳ್ಳುವ ವ್ಯಾಪಾರಿಗಳು, ಕುಶಲಕರ್ಮಿ ಕೇಳಿದರೆ, ಅರ್ಧದಷ್ಟು ಹಣ ಮುಂಗಡ ಕೊಡಬೇಕು. ಸಾಲ ಮಾಡಿ ಮರ, ಅರಗು ತರುವವರಿಗೆ ಇದು ಸಣ್ಣ ವಿಷಯವಲ್ಲ.

ದೂರ ಯಾಕೆ, ಚನ್ನಪಟ್ಟಣದಲ್ಲೇ ಪುಟ್ಟ ಗಂಟೆ, ಗೊಂಬೆ ಸಿಗುತ್ತವೆ, ಅವನ್ನೇ ದಾರ ಕಟ್ಟಿ ತೂಗುಹಾಕಿ. ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆ ಗರಿಯಿಂದ ತಿಕ್ಕಿದರೆ ಆ ಹೊಳಪು! ಜಿಐ (ಭೌಗೋಳಿಕ ಸೂಚಕ) ಗುರುತು ಊರಿನ ಖಾತ್ರಿ ಕೊಡುತ್ತದೆ, ಕೂಲಿಯದ್ದಲ್ಲ. ಬಣ್ಣ ಅರಿಶಿನ, ನೀಲಿ ಗಿಡದಂಥ ಗಿಡಮೂಲದ್ದೋ ರಾಸಾಯನಿಕವೋ, ಮಾಡಿದವರಿಗೆ ಎಷ್ಟು ಸಿಗುತ್ತದೆ ಅಂತ ನೇರವಾಗಿ ಕೇಳಿ. ತಡವರಿಸಿದರೆ ಮುಂದಿನ ಅಂಗಡಿ ಇದೆಯಲ್ವಾ?

ನಕ್ಷತ್ರ, ಹಾರಗಳನ್ನು ದುಡ್ಡು ಕೊಟ್ಟು ತರಬೇಡಿ. ಹಳೇ ಸೀರೆ ಅಂಚು, ದಿನಪತ್ರಿಕೆ ಸಾಕು. ಅರಗಿನ ಗೊಂಬೆಯನ್ನು ಮಾತ್ರ ಬಿಸಿಯಾಗುವ ಬಲ್ಬಿನ ಪಕ್ಕ ಕಟ್ಟಬೇಡಿ, ಒಣ ಬಟ್ಟೆಯಲ್ಲೇ ಒರೆಸಿ.